ಇಲ್ಲದ ಕೈಗೆ ಸೂಜಿ

ಬಳ್ಳಾರಿಯ ಗಾಂಧಿನಗರದ ತಿರುವಿನಲ್ಲಿ ಹೂ ಮಾರುವಾಕೆ ಇಂದು ಬೆಳಿಗ್ಗೆ ದವನದ ಕಟ್ಟುಗಳ ಮೇಲೆ ನೀರು ಚಿಮುಕಿಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ದವನ ಎಂದರೆ ನಿಮಗೆ ಪೂಜೆ ನೆನಪಾಗಬಹುದು, ಹೆರಳಿನ ಮಾಲೆ ನೆನಪಾಗಬಹುದು. ನನಗೆ ನೆನಪಾಗುವುದು ಸೂಜಿ, ಅದೂ ಚೀನಾದ ಸೂಜಿ! ನಗುತ್ತೀರಿ, ಗೊತ್ತು. ಕರೂರಿನ ಬಸ್ಸಿಗೆ ಇನ್ನೂ ಹೊತ್ತಿದೆ, ಅಷ್ಟರಲ್ಲಿ ಹೇಳಿ ಮುಗಿಸುತ್ತೇನೆ.

ದವನ ಬೇಕಿರುವುದು ನಮ್ಮ ಸೋದರಮಾವನಿಗೆ. ಮಾವ ತೀರಿಕೊಂಡು ಕೆಲವು ವರ್ಷಗಳಾದವು. ಸಿರುಗುಪ್ಪದ ಬಳಿ ಕರೂರಿನ ತನ್ನ ಹೊಲದಲ್ಲಿ ಮಣ್ಣಾಗಿದ್ದಾನೆ. ವರ್ಷಕ್ಕೊಮ್ಮೆ ಆ ದಿನ ಬಂದಾಗ ನಾನು ಬಳ್ಳಾರಿಯಿಂದ ದವನ ಒಯ್ಯುತ್ತೇನೆ, ಅತ್ತೆ ಕುರುಗೋಡಿನ ತನ್ನ ತವರಿನಿಂದ ಬರುತ್ತಾಳೆ. ಅಲ್ಲಿ ಅತ್ತೆ ದವನದ ಕಟ್ಟನ್ನು ಬಿಚ್ಚಿ ಎರಡು ಪಾಲು ಮಾಡುತ್ತಾಳೆ. ಒಂದು ಪಾಲು ಮಾವನ ಗದ್ದುಗೆಗೆ. ಇನ್ನೊಂದನ್ನು ತೆಗೆದುಕೊಂಡು ಬದುವಿನ ಬೇವಿನ ಗಿಡದ ಕಡೆ ನಡೆಯುತ್ತಾಳೆ. ಆಗ ನಾನು ಕಾಲುವೆಯ ನೀರನ್ನೋ ಭತ್ತದ ಪೈರನ್ನೋ ನೋಡುತ್ತ ನಿಲ್ಲುತ್ತೇನೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತನಾದ ಮನುಷ್ಯನಿಗೆ ಆ ಬೇವಿನ ಗಿಡದ ಹತ್ತಿರ ಸ್ವಲ್ಪ ಮುಜುಗರ.

ಮಾವ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಪಾಲುದಾರ. ಮಾತು ಜೋರು, ನಗು ಅದಕ್ಕಿಂತ ಜೋರು. ಕುರ್ಚಿಯಲ್ಲಿ ಕೂತು ಯಜಮಾನಿಕೆ ಮಾಡುವುದು ಅವನಿಗೆ ಆಗದು. ಮಷೀನು ಕೆಮ್ಮಿದರೆ ತಾನೇ ಹೋಗಿ ಕೈ ಹಾಕಬೇಕು. ಹಾಗೆ ಕೈ ಹಾಕಿದ ಒಂದು ದಿನ ಬೆಲ್ಟು ಅವನ ಎಡಗೈಯನ್ನು ಎಳೆದುಕೊಂಡಿತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಮಣಿಕಟ್ಟಿನ ಮೇಲಿನವರೆಗೂ ತೆಗೆಯಬೇಕಾಯಿತು.

ನಮ್ಮಲ್ಲಿ ಸುಡುವ ಪದ್ಧತಿ ಇಲ್ಲ, ಮಣ್ಣು ಮಾಡುತ್ತೇವೆ. ಮನುಷ್ಯನಿಗಾದರೆ ಸರಿ, ಕೈಗೆ ಏನು ಮಾಡಬೇಕು? ಯಾರಿಗೂ ತೋಚಲಿಲ್ಲ, ಅತ್ತೆಗೆ ತೋಚಿತು. ಆಸ್ಪತ್ರೆಯವರನ್ನು ಕೇಳಿ ಆ ಕೈಯನ್ನು ಇಸಿದುಕೊಂಡಳು. ಬಿಳಿ ಬಟ್ಟೆಯಲ್ಲಿ ಸುತ್ತಿ, ವಿಭೂತಿ ಹಚ್ಚಿ, ಕರೂರಿನ ಹೊಲದ ಬದುವಿನಲ್ಲಿ ಬೇವಿನ ಗಿಡದ ಕೆಳಗೆ ಮಣ್ಣು ಮಾಡಿಸಿದಳು. ಆ ಕೈ ಮುಷ್ಟಿ ಕಟ್ಟಿಕೊಂಡಿತ್ತು. ಬೆರಳು ಬಿಡಿಸಲು ನೋಡಿದಳಂತೆ, ಆಗಲಿಲ್ಲ. ಹಾಗೇ ಮುಚ್ಚಿದಳು.

ಗಾಯ ಮಾಯಿತು. ಆಮೇಲೆ ಶುರುವಾಯಿತು ನೋಡಿ ಅಸಲಿ ಕಾಟ. ಇಲ್ಲದ ಎಡಗೈ ಮುಷ್ಟಿ ಕಟ್ಟಿದೆ, ಉಗುರುಗಳು ಅಂಗೈಗೆ ನಾಟುತ್ತಿವೆ, ಬಿಚ್ಚೆಂದರೆ ಬಿಚ್ಚುತ್ತಿಲ್ಲ ಎಂದು ಮಾವ ಒದ್ದಾಡತೊಡಗಿದ. ಗಾಳಿಯಲ್ಲಿ ತೋರಿಸಿ, "ಇಲ್ಲೇ, ಇಲ್ಲೇ ನೋಡಲೇ" ಎನ್ನುವನು. ಅಷ್ಟು ದೊಡ್ಡ ಗಂಟಲಿನ ಮನುಷ್ಯ ಊಟದ ನಡುವೆ ಹಲ್ಲು ಕಚ್ಚಿ ಅಳುವುದನ್ನು ನೋಡಲಾಗುತ್ತಿರಲಿಲ್ಲ.

ನನಗೆ ಪಾಠ ಮಾಡುವ ಚಟ. ಪತ್ರಿಕೆಯ ಅಂಚಿನಲ್ಲಿ ಮೆದುಳಿನ ಚಿತ್ರ ಬರೆದು ಅತ್ತೆಯ ಮುಂದೆ ಕೂತೆ. ಮೈಯ ಒಂದೊಂದು ಭಾಗಕ್ಕೂ ಮೆದುಳಿನಲ್ಲಿ ಒಂದೊಂದು ಜಾಗ ಉಂಟು, ಕೈಗಂತೂ ಧಾರಾಳ ಜಾಗ. ಕೈ ಹೋದರೂ ಆ ಜಾಗ ಹೋಗುವುದಿಲ್ಲ. 'ಬಿಚ್ಚು' ಎಂದು ಅಪ್ಪಣೆ ಕೊಡುತ್ತದೆ, ಬಿಚ್ಚಿತು ಎಂಬ ಸುದ್ದಿ ತಿರುಗಿ ಬರುವುದಿಲ್ಲ, ಅದಕ್ಕೇ ಈ ನೋವು ಎಂದು ವಿವರಿಸಿದೆ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಳು.

"ನಿನ್ನ ಮೆದುಳು ಖರೇ ಇರಬಹುದಪಾ. ಆದ್ರ ಮುಷ್ಟಿ ಕಟ್ಟಿದ ಕೈ ಮುಚ್ಚಿದಾಕಿ ನಾನು. ಅದಕ್ಕ ಇವರಿಗೆ ನೋವು. ಅಗದು ತಗೀರಿ, ಬೆರಳು ಬಿಡಿಸಿ ಮತ್ತ ಮುಚ್ಚೂಣು."

"ಏ, ಅದನ್ನಾದ್ರೂ ನೆಮ್ಮದಿಲೆ ಮಲಗಾಕ ಬಿಡು," ಎಂದು ಮಾವ ಒಳಗಿನಿಂದ ಕೂಗಿದ. "ಕುರುಗೋಡಿನ ಕಲ್ಲಬಸವಣ್ಣಾದ್ರೂ ಏಳ್ತಾನೇನೋ, ನಿಮ್ಮತ್ತಿ ಹಿಡದ ಹಟ ಏಳಂಗಿಲ್ಲ, ಅಳಿಯಾ."

ನಗೆಯೇನೋ ಬಂತು. ಆದರೆ ಅತ್ತೆ ನಗಲಿಲ್ಲ. ನೋವಿಗಿಂತ ದೊಡ್ಡದೊಂದು ಆ ಮನೆಯಲ್ಲಿ ನಿಂತುಹೋಗಿತ್ತು, ಅದೂ ತನ್ನಿಂದಲೇ ಎಂದು ಅವಳಿಗೆ ಅನಿಸಿತ್ತು. ಮಾವ ದಿನಾ ಸ್ನಾನ ಮಾಡಿ, ಕೊರಳಿನ ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿಟ್ಟು ಪೂಜೆ ಮಾಡುತ್ತಿದ್ದವನು. ಲಿಂಗಕ್ಕೆ ಎಡ ಅಂಗೈಯೇ ಪೀಠ. ಬಲಗೈಯಲ್ಲಿ ಇಟ್ಟುಕೊಂಡರೂ ನಡೆಯುತ್ತದೆ, ಭಕ್ತಿ ಮುಖ್ಯ ಎಂದು ಮಠದ ಹಿರಿಯರು ಹೇಳಿಕಳುಹಿಸಿದರು. ಮಾವ ಒಪ್ಪಲಿಲ್ಲ. ಲಿಂಗ ಕೊರಳಲ್ಲೇ ಉಳಿಯಿತು, ಅಂಗೈಗೆ ಇಳಿಯಲಿಲ್ಲ. ಆ ಮುಷ್ಟಿ ಬಿಚ್ಚುವವರೆಗೂ ಇಷ್ಟೇ ಎಂದು ಕೂತ.

ಮಾತ್ರೆಗಳು ಮಂಪರು ತಂದವೇ ಹೊರತು ಮುಷ್ಟಿಯನ್ನು ಬಿಚ್ಚಲಿಲ್ಲ. ಯಾರೋ ಗಾಂಧಿನಗರದಲ್ಲಿ ಸೂಜಿ ಚಿಕಿತ್ಸೆಯ ಡಾಕ್ಟರಮ್ಮ ಇದ್ದಾರೆಂದರು. ಔಷಧದಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕೋಣೆ. ಅವರು ಮಾಮೂಲಿ ಇಂಗ್ಲಿಷ್ ಡಾಕ್ಟರಿಕೆಯನ್ನೇ ಓದಿ, ಆಮೇಲೆ ಸೂಜಿ ಕಲಿತವರು. ಮೈಯಲ್ಲಿ ಕಾಲುವೆಗಳಂತೆ ಪ್ರಾಣಶಕ್ತಿ ಹರಿಯುತ್ತದೆ, ಅದು ಕಟ್ಟಿದಲ್ಲಿ ನೋವು ಎನ್ನುತ್ತಾರೆ ಚೀನಾದವರು. ಎಷ್ಟೋ ಕಪ್ಪೆ ಕೊಯ್ದವನು ನಾನು, ಅಂಥ ಕಾಲುವೆ ಒಂದನ್ನೂ ಕಂಡಿಲ್ಲ. ಹಾಗೆಂದು ಮಹಡಿ ಹತ್ತುವಾಗ ಗೊಣಗುತ್ತಲೇ ಇದ್ದೆ.

ಡಾಕ್ಟರಮ್ಮ ಮಾವನ ಬಲಗೈಯನ್ನು ಮೇಜಿನ ಮೇಲೆ ಇಡಿಸಿಕೊಂಡರು. ಮಾವ ಹುಬ್ಬೇರಿಸಿದ.

"ನೋವು ಎಡಗೈಗೆ, ಸೂಜಿ ಬಲಗೈಗೆ? ಬರೋಬ್ಬರಿ ಓದೀರೇನು ತಾಯಿ?"

"ಎಡಗೈಗೇ ಚುಚ್ಚತಿದ್ದೆ. ನೀವು ತಂದಿಲ್ಲಲ್ರಿ," ಎಂದರು ಡಾಕ್ಟರಮ್ಮ.

ಮಾವ ಕೋಣೆ ನಡುಗುವಂತೆ ನಕ್ಕ. ಕೈ ಹೋದ ಮೇಲೆ ಅವನು ಹಾಗೆ ನಕ್ಕದ್ದು ಅದೇ ಮೊದಲು. ಒಂದು ಬದಿ ಕೆಟ್ಟರೆ ಇನ್ನೊಂದು ಬದಿಗೆ ಚುಚ್ಚುವುದು ಅವರ ಹಳೆಯ ಕ್ರಮವಂತೆ. ಸೂಜಿ ಇಳಿಯುವಾಗ ನಾನು ಗೋಡೆ ಕಡೆ ತಿರುಗಿದೆ. ಕಪ್ಪೆ ಕೊಯ್ಯುವ ಶೂರ, ಇಂಜೆಕ್ಷನ್ ಕಂಡರೆ ಕಣ್ಣು ಮುಚ್ಚುತ್ತೇನೆ. ಬಳಿಕ ಅವರು ಒಣ ಎಲೆಯನ್ನು ದಪ್ಪ ಬೀಡಿಯಂತೆ ಸುತ್ತಿದ್ದೊಂದನ್ನು ಹೊತ್ತಿಸಿ, ಮೊಂಡುಗೈಗೆ ಶಾಖ ತಾಗುವಷ್ಟು ಹತ್ತಿರ ಹಿಡಿದರು. ಘಮ್ಮೆಂದಿತು. ಅರೆ, ಇದು ನಮ್ಮ ದವನದ ವಾಸನೆಯಲ್ಲವೇ! ಕೇಳಿದರೆ, ಹೌದು, ಆ ಗಿಡ ದವನ ಮಾಚಿಪತ್ರೆಗಳ ಕುಲದ್ದೇ. ಅಂದಿನಿಂದ ದವನ ನನ್ನ ಮೂಗಿನಲ್ಲಿ ಆ ಕೋಣೆಯ ಪಾಲಾಯಿತು.

ನೋವು ಇಳಿಯಿತು, ಮತ್ತೆ ಏರಿತು. ಸೂಜಿ ಹಾಕಿಸಿಕೊಂಡು ಬಂದ ಮೇಲೆ ಒಂದೆರಡು ದಿನ ಹಾಯಾಗಿ ಉಣ್ಣುವನು, ಮಲಗುವನು. ಮುಷ್ಟಿ ಸಡಿಲವಾಗುತ್ತದೆ, ಆದರೆ ಬಿಚ್ಚುವುದಿಲ್ಲ ಎನ್ನುವನು. ನನಗೆ ತಡೆಯಲಾಗಲಿಲ್ಲ, ಓದಲು ಕೂತೆ. ಸೂಜಿ ಚುಚ್ಚಿದರೆ ನರದ ಸುದ್ದಿ ಬೆನ್ನುಹುರಿ ಹತ್ತಿ ಮೆದುಳಿಗೆ ಹೋಗುತ್ತದೆ, ಮೆದುಳು ತನ್ನದೇ ಅಫೀಮಿನಂಥ ರಸವನ್ನು ಬಿಡುತ್ತದೆ, ನೋವಿನ ಜಾಗಗಳ ಗದ್ದಲ ತಗ್ಗುವುದು ಸ್ಕ್ಯಾನಿನಲ್ಲೂ ಕಾಣುತ್ತದೆ ಎಂದು ಒಂದು ಕಡೆ. ತಪ್ಪು ಜಾಗಕ್ಕೆ ಚುಚ್ಚಿದರೂ, ಒಳಗೆ ಇಳಿಯದ ಆಟದ ಸೂಜಿ ತಾಗಿಸಿದರೂ ಎಷ್ಟೋ ಜನರಿಗೆ ನೋವು ಕಡಿಮೆಯಾಗುತ್ತದೆ ಎಂದು ಇನ್ನೊಂದು ಕಡೆ. ಇದನ್ನು ಮಾವನಿಗೆ ಹೇಳಬೇಕೋ ಬೇಡವೋ? ಹೇಳಿದರೆ ಇರುವ ಸುಖವೂ ಹೋದೀತು. ಹೇಳದಿದ್ದರೆ ಹೊಟ್ಟೆಯಲ್ಲಿ ಉಳಿಯದು. ಕೊನೆಗೆ ಸಿರುಗುಪ್ಪದ ಬಸ್ಸಿನಲ್ಲಿ ಅವನೇ ಕೇಳಿದ.

"ಖರೇ ಹೇಳಲೇ ಅಳಿಯಾ. ಈ ಸೂಜಿ ಅಸಲೋ, ನಕಲಿಯೋ?"

"ಗೊತ್ತಿಲ್ಲ ಮಾವ. ಸುಳ್ಳು ಸೂಜಿಗೂ ನೋವು ಇಳೀತೈತಂತ. ನಂಬಿಕೀದೂ ಕೆಲಸ ಇರಬೇಕು."

ಮಾವ ಕಿಟಕಿಯಿಂದ ನನ್ನ ಕಡೆ ತಿರುಗಿದ.

"ಇಲ್ಲದ ಕೈ ನೋಯಿಸ್ತೈತಿ ಅಂದ್ರ ನಂಬ್ತಿ. ಇಲ್ಲದ ಔಷಧ ವಾಸಿ ಮಾಡ್ತೈತಿ ಅಂದ್ರ ನಂಬಾಕ ನಿನಗೇನು ಧಾಡಿ?" ಎಂದವನೇ ಕಡಲೆಕಾಯಿ ಸುಲಿದುಕೊಡೆಂದು ಪೊಟ್ಟಣ ಚಾಚಿದ.

ಮುಂದಿನ ಸಲ ಅತ್ತೆಯೂ ಬಂದಿದ್ದಳು. ಡಾಕ್ಟರಮ್ಮ ಸೂಜಿ ಹಾಕಿ, ಹತ್ತಿ ತೆಗೆಯಲು ಬೀರು ತೆರೆದವರು ಬಾಗಿಲನ್ನು ಹಾಗೇ ಬಿಟ್ಟರು. ಬಾಗಿಲಿಗೆ ಉದ್ದನೆಯ ಕನ್ನಡಿ. ಅದು ಸರಿಯಾಗಿ ಮಾವನ ಎದೆಯ ನಟ್ಟನಡುವಿಗೆ, ಎರಡು ಕೈಗಳ ಮಧ್ಯದ ಗೋಡೆಯಂತೆ ನಿಂತಿತು. ಬಲಗೈ ಕನ್ನಡಿಯ ಈಚೆ, ಮೊಂಡುಗೈ ಆಚೆ. ಮಾವ ಕನ್ನಡಿ ನೋಡಿದವನು ಕಿರುಚಿದ.

"ಲೇ, ನನ್ನ ಎಡಗೈಗೂ ಸೂಜಿ ಹಾಕ್ಯಾರಲೇ!"

ನಾವು ಬಗ್ಗಿ ನೋಡಿದೆವು. ಹೌದು, ಕನ್ನಡಿಯಲ್ಲಿ ಕಾಣುವ ಬಲಗೈ ಥೇಟು ಎಡಗೈಯೇ, ಅದು ಇರಬೇಕಾದ ಜಾಗದಲ್ಲೇ. ಡಾಕ್ಟರಮ್ಮನ ಮುಖ ಅರಳಿತು. ಕನ್ನಡಿಯಿಂದ ಇಂಥ ನೋವು ಇಳಿಸುವ ಕ್ರಮವೂ ಇದೆ, ನನಗೆ ಹೊಳೆಯಲೇ ಇಲ್ಲ ನೋಡಿ ಎಂದರು. ಸೂಜಿಗಳನ್ನು ತೆಗೆದು, ಕನ್ನಡಿಯನ್ನೇ ನೋಡುತ್ತ ಬಲಗೈ ಮುಷ್ಟಿಯನ್ನು ಕಟ್ಟಿ ಬಿಚ್ಚಲು ಹೇಳಿದರು. ಮಾವ ಬೆವರುತ್ತಿದ್ದ. "ಹೆಬ್ಬೆರಳು ಬಂತು... ಉಳಿದವು ಬರವಲ್ಲವು" ಎಂದ.

ಅತ್ತೆ ಎದ್ದಳು. ಯಾರನ್ನೂ ಕೇಳಲಿಲ್ಲ. ಮಾವನ ಕೊರಳಿನ ಕರಡಿಗೆ ಬಿಚ್ಚಿ, ಲಿಂಗವನ್ನು ತೆಗೆದು, ಅವನ ಬಲ ಅಂಗೈಯಲ್ಲಿ ಇಟ್ಟಳು. "ಕನ್ನಡಿ ನೋಡ್ರಿ" ಎಂದಳು. ಕನ್ನಡಿಯಲ್ಲಿ ಲಿಂಗ ಎಡ ಅಂಗೈಯ ಮೇಲೆ ಕೂತಿತ್ತು. ಮಾವ ರೆಪ್ಪೆ ಬಡಿಯದೆ ನೋಡಿದ. ಲಿಂಗ ಇಟ್ಟುಕೊಂಡ ಕೈ ಮುಷ್ಟಿ ಕಟ್ಟುವುದಾದರೂ ಹೇಗೆ?

"ಬಿಚ್ಚಿತು," ಎಂದ ಮೆಲ್ಲಗೆ. ಅವನು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಎಲ್ಲಾ ಬೆರಳೂ ಬಿಚ್ಚಿದವೇನ್ರಿ?" ಅತ್ತೆ ಕನ್ನಡಿಗೆ ಬಗ್ಗಿ ಕೇಳಿದಳು.

"ಎಲ್ಲಾ ಬಿಚ್ಚಿದವು. ಮಣ್ಣಾಗಿನವೂ ಬಿಚ್ಚಿರಬೇಕು, ತಗೋ. ಇನ್ನ ಅಳಬ್ಯಾಡ."

ಅತ್ತೆ ಅತ್ತಳು. ನಾನೂ ಅತ್ತೆ. ಅಂದಿನಿಂದ ನೋವು ಪೂರ್ತಿ ಹೋಯಿತೆಂದು ಹೇಳಿದರೆ ಸುಳ್ಳಾದೀತು. ಥಂಡಿಗೆ ಮತ್ತೆ ಬರುತ್ತಿತ್ತು, ಮತ್ತೆ ಸೂಜಿ ಹಾಕಿಸಿಕೊಳ್ಳುತ್ತಿದ್ದ. ಆದರೆ ಕೊನೆಯವರೆಗೂ ಕನ್ನಡಿಯ ಮುಂದೆ ಕೂತು ಪೂಜೆ ಮಾಡಿದ. ಆ ದಿನ ಕೆಲಸ ಮಾಡಿದ್ದು ಸೂಜಿಯೋ, ಶಾಖವೋ, ಕನ್ನಡಿಯೋ, ಲಿಂಗವೋ, ಇಲ್ಲ ಅತ್ತೆಯ ಕೈಯೋ? ಒಂದೊಂದನ್ನೇ ಬಿಡಿಸಿ ಪರೀಕ್ಷಿಸುವುದು ವಿಜ್ಞಾನದ ರೀತಿ, ಆ ರೀತಿಯ ಮೇಲೆ ನನಗೆ ಈಗಲೂ ಭಕ್ತಿಯಿದೆ. ಆದರೆ ಮಾವನಿಗೆ ಇವೆಲ್ಲ ಒಟ್ಟಿಗೇ ಸಿಕ್ಕವು, ಬಿಡಿಸಲು ನನ್ನಿಂದ ಆಗಲಿಲ್ಲ.

ಹೂವಿನಾಕೆ ದವನವನ್ನು ಕಾಗದದಲ್ಲಿ ಸುತ್ತಿ ಚಾಚಿಕೊಂಡು ನಿಂತಿದ್ದಾಳೆ. "ಏನ್ರಿ ಸಾರ್, ನಿಂತಲ್ಲೇ ನಿದ್ದಿ ಮಾಡೀರೇನು?"

ಚೀಲದ ಬಾಯಿ ಅಗಲಿಸಿದೆ. ಪ್ರತಿ ವರ್ಷ ಅತ್ತೆ ಒಂದೇ ಕಟ್ಟನ್ನು ಪಾಲು ಮಾಡುವುದು, ನಾನು ಕಾಲುವೆ ನೋಡುವುದು ನೆನಪಾಯಿತು.

"ಇನ್ನೊಂದು ಕಟ್ಟು ಕೊಡಮ್ಮ."

"ಒಂದು ಸಾಲಂಗಿಲ್ಲೇನ್ರಿ? ಯಾರಿಗ್ರಿ ಇನ್ನೊಂದು?"

"ನಮ್ಮ ಮಾವನ ಎಡಗೈಗೆ," ಎಂದೆ.