ಕ್ರಿಸ್‌ಮಸ್ ಊಟಕ್ಕೆ ಬಂದ ಜಟಕಾ

ಮುನಿಯಪ್ಪನ ಮುಖ ಕಂಡೊಡನೆ ಅತ್ತೆ ಎಚ್ಚರ ತಪ್ಪಿ ಬೀಳಬಹುದು. ಅಪ್ಪ ಅವನ ಕೊರಳಪಟ್ಟಿ ಹಿಡಿಯಬಹುದು. ಹಬ್ಬದೂಟಕ್ಕೆ ಬರುವ ನಮ್ಮ ಸಭೆಯ ಉಪದೇಶಿಗಳು ಊಟ ಬಿಟ್ಟು ಏಳಬಹುದು. ಗಲಾಟೆಯಲ್ಲಿ ಯಾರಾದರೂ ಹುಳುಮನೆಗೆ ನುಗ್ಗಿ ರೇಷ್ಮೆಹುಳುಗಳಿಗೆ ರೋಗ ತಗುಲಬಹುದು.

ಆ ಕ್ರಿಸ್‌ಮಸ್ ಬೆಳಿಗ್ಗೆ ನಾನು ಹೀಗೆಲ್ಲ ಯೋಚಿಸಿಟ್ಟದ್ದು ನೆನಪಾದದ್ದು ಮೊನ್ನೆ, ಚಿಂತಾಮಣಿಯ ಬಸ್ಸಿನಲ್ಲಿ. ಪಕ್ಕದವರ ಮೂಟೆಯಿಂದ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬರುತ್ತಿತ್ತು. ನಾನೋ, ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಬೆವರುತ್ತಿದ್ದೆ. ಸಕಲವೂ ದೇವರ ಕೈಯಲ್ಲಿದೆ ಎಂದು ನಮ್ಮ ಸಭೆಯಲ್ಲಿ ನನ್ನಷ್ಟು ಗಟ್ಟಿಯಾಗಿ ಪ್ರಾರ್ಥಿಸುವವರಿಲ್ಲ. ಹಾಗೆ ಒಪ್ಪಿಸಿದ್ದನ್ನು ನನ್ನಷ್ಟು ಬೇಗ ವಾಪಸು ಕಿತ್ತುಕೊಳ್ಳುವವರೂ ಇಲ್ಲ.

ಐವತ್ತರ ದಶಕದ ಕೊನೆಯ ಮಾತು. ಅಪ್ಪನ ತಂಗಿ ಶಾಂತತ್ತೆ ದಿಬ್ಬೂರಹಳ್ಳಿಯಲ್ಲಿ ಹುಳು ಸಾಕುತ್ತಿದ್ದಳು. ಶಿಡ್ಲಘಟ್ಟದ ದಾರಿಯಲ್ಲಿ ಜಟಕಾ ಉರುಳಿ ಮಾವ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಮಾವನನ್ನು ಕೂರಿಸಿಕೊಂಡು, ಇನ್ನೊಂದು ಜಟಕಾದವನ ಜೊತೆ ಜಿದ್ದಿಗೆ ಬಿದ್ದು ಕುದುರೆ ಓಡಿಸಿದವನು ಮುನಿಯಪ್ಪ. ಅತ್ತೆ ಹಬ್ಬದ ಊಟಕ್ಕೆ ಕರೆದದ್ದು ಅವನನ್ನೇ!

“ತಲೆ ನೆಟ್ಟಗಿದೆಯೇನೇ ನಿಂಗೆ? ಅವನು ಹೊಸಿಲು ದಾಟಿದ್ರೆ ನಾನು ದಾಟಲ್ಲ” ಎಂದರು ಅಪ್ಪ.

“ಜಗಲಿ ಮೇಲೆ ಕೂತ್ಕೊ ಅಣ್ಣ. ಎಲೆ ಅಲ್ಲಿಗೇ ಕಳಿಸ್ತೀನಿ.”

ಮುನಿಯಪ್ಪ ಬಂದ. ಕುದುರೆಯನ್ನು ಬಿಚ್ಚಿ ಹಿತ್ತಲಲ್ಲಿ ಕಟ್ಟಿ, ಬಾಗಿಲಲ್ಲೇ ನಿಂತ. ಮಾವ ಕೂರುತ್ತಿದ್ದ ಮಣೆಯನ್ನು ಅತ್ತೆ ಅವನ ಮುಂದೆ ಎಳೆದಳು.

“ಬ್ಯಾಡಮ್ಮ. ನಾನು ಪಾಪಿ.”

“ಹೌದು ಕಣಪ್ಪ, ಅಲ್ಲ ಅನ್ನಲ್ಲ. ನಿನಗೆ ಹಿಡಿಶಾಪ ಹಾಕಿದ ನಾನೂ ಅದೇ. ಯೇಸು ಶಿಲುಬೆ ಮೇಲೆ ಪ್ರಾಣ ಕೊಟ್ಟಿದ್ದು ನನಗೆ ಸಾಕು, ನಿನಗೆ ಸಾಲಲ್ಲ ಅನ್ನೋಕೆ ನಾನ್ಯಾರು? ಕೂತ್ಕೊ, ಸಾರು ಆರ್ತದೆ.”

“ಹಂಗಾದ್ರೆ ಗಾಡಿ ಉರುಳಿದ್ದೂ ದೇವರ ಚಿತ್ತವೇನೇ?” ಜಗಲಿಯಿಂದ ಅಪ್ಪನ ಕೂಗು.

ಅತ್ತೆಯ ಸೌಟು ನಿಂತಿತು. “ಗೊತ್ತಿಲ್ಲಣ್ಣ. ಅವರು ದೇವರ ಕೈ ಜಾರಿ ಬೀಳಲಿಲ್ಲ, ಅಷ್ಟು ಹಿಡ್ಕೊಂಡಿದೀನಿ. ಅದನ್ನೂ ಬಿಟ್ರೆ ನಾನೆಲ್ಲಿ ನಿಲ್ಲಲಿ?”

ಮುನಿಯಪ್ಪ ಕುಳಿತ. ಉಪದೇಶಿಗಳು ಏಳಲಿಲ್ಲ. ಅತ್ತೆ ಸಾರು ಬಡಿಸುತ್ತಿರುವಾಗಲೇ, ಜಗಲಿಯಿಂದೆದ್ದು ಹಿತ್ತಲಿಗೆ ಹೋಗಿದ್ದ ಅಪ್ಪ ಅರಚಿದರು: “ಲೇ ಮುನಿಯಾ! ನಿನ್ನ ಕುದುರೆ! ಸೊಪ್ಪು!”

“ಅಯ್ಯೋ ದೇವುಡಾ!” ಎಂದು ಮುನಿಯಪ್ಪ ಎದ್ದೋಡಿದ.

ಹುಳುಗಳಿಗೆಂದು ಒದ್ದೆ ಗೋಣಿ ಹೊದಿಸಿಟ್ಟಿದ್ದ ಸೊಪ್ಪನ್ನು ಕುದುರೆ ಮುಗಿಸುತ್ತಾ ಬಂದಿತ್ತು. ಗೂಡು ಕಟ್ಟುವ ಮುಂಚಿನ ಹುಳುಗಳ ಹಸಿವು ಹಬ್ಬ ನೋಡುವುದಿಲ್ಲ. ಎಂಜಲ ಕೈ ತೊಳೆದುಕೊಂಡು ಎಲ್ಲರೂ ತೋಟಕ್ಕೆ ಓಡಿದೆವು. ಹೊಸಿಲು ದಾಟದ ಅಪ್ಪ, ಮುನಿಯಪ್ಪ ನಿಂತ ಸಾಲಿನಲ್ಲೇ ಎದುರುಬದುರಾಗಿ ಎಲೆ ಬಿಡಿಸುತ್ತಿದ್ದರು. “ಎಳೇದು ಬೇಡ ಕಣೋ, ಬಲಿತಿದ್ದು ಕೀಳು” ಎಂದರು. ತಂಗಿಯ ಗಂಡನನ್ನು ಮಣ್ಣು ಮಾಡಿದ ಮೇಲೆ ಅವನೊಡನೆ ಅವರು ಬೈಯದೆ ಆಡಿದ ಮೊದಲ ಮಾತು ಅದು.

ಬಸ್ಸು ಕೆಂಚಾರ್ಲಹಳ್ಳಿಯ ತಿರುವಿಗೆ ಬಂದಿತ್ತು. ಇಳಿದು ಬೀಗ ನೋಡಿಬರೋಣವೆಂದು ಎದ್ದವನು ಮತ್ತೆ ಕುಳಿತೆ. ಅಂದು ಕೆಟ್ಟದ್ದು ಒಂದೇ, ಕುದುರೆ ಸೊಪ್ಪು ತಿಂದದ್ದು. ಅಷ್ಟೆಲ್ಲ ಯೋಚಿಸಿದ್ದ ನನಗೆ ಕುದುರೆಯೊಂದು ಹೊಳೆದೇ ಇರಲಿಲ್ಲ.