ಮರ ಕೊಯ್ಯುವ ಮಷಿನ್ನಿಗೆ ಮನೆಯ ಶೇಂಗಾ ಎಣ್ಣೆ

ನಮ್ಮದು ಧರ್ಮಪುರದ ಕಡೆಯ ಕುರಿ ಸಾಕುವ ಮನೆ. ಆ ಬೇಸಿಗೆಯಲ್ಲಿ ನನ್ನ ಗಂಡ ಹಿಂಡು ಹೊಡೆದುಕೊಂಡು ಆಂಧ್ರದ ಕಡೆ ಮೇಯಿಸಲು ಹೋಗಿದ್ದರು. ಮನೆಯಲ್ಲಿ ಉಳಿದದ್ದು ನಾನು, ಅತ್ತೆ, ದೂರ ನಡೆಯಲಾಗದ ನಾಲ್ಕಾರು ಕುರಿ. ಅವುಗಳಲ್ಲಿ ಒಂದು ಅವಳಿ ಮರಿ ಹಾಕಿತ್ತು. ಹಸಿರು ಮೇವಿಲ್ಲದೆ ಅದರ ಕೆಚ್ಚಲು ಬತ್ತಿಹೋಗಿತ್ತು. ಚಿಕ್ಕ ಮರಿ ಬಾಯಿ ಹಾಕಿದರೆ ಸಾಕು, ತಾಯಿ ಒದ್ದು ಓಡಿಸುತ್ತಿತ್ತು. ಅದಕ್ಕೆ ನಾನೇ ಅಂಗಡಿಯ ಹಾಲು ಕುಡಿಸುತ್ತಿದ್ದೆ. ಕುಡಿದದ್ದೆಲ್ಲ ಭೇದಿಯಾಗಿ ಹೋಗುತ್ತಿತ್ತು. ಮರಿ ಉಳಿಯುತ್ತದೆಂಬ ನಂಬಿಕೆ ನನಗಿರಲಿಲ್ಲ. "ತಾಯಿಗೆ ಹಸಿ ಸೊಪ್ಪು ಬಿದ್ರೆ ಹಾಲು ತಾನೇ ಇಳಿತೈತೆ ಕಣಮ್ಮ," ಎನ್ನುತ್ತಿದ್ದರು ಅತ್ತೆ. ಆ ಬಿಸಿಲಲ್ಲಿ ಹಸಿ ಸೊಪ್ಪನ್ನು ಎಲ್ಲಿಂದ ತರುವುದು?

ಅಷ್ಟರಲ್ಲಿ ರಸ್ತೆ ಬದಿಯ ಬಸರಿ ಮರಗಳು ಕರೆಂಟು ತಂತಿಗೆ ತಾಗುತ್ತವೆಂದು ಕೊಂಬೆ ಕೊಯ್ಯಲು ಒಬ್ಬ ಮಷಿನ್ ಹಿಡಿದು ಬಂದ. ಸೊಪ್ಪು ಯಾರಾದರೂ ಒಯ್ಯಬಹುದೆಂದ. ದೇವರೇ ಕಳಿಸಿದ ಎಂದುಕೊಂಡು ಎರಡು ಹೊರೆ ತಂದು ಹಾಕಿದೆವು. ಕುರಿ ಮೂಸಿ ನೋಡಿ, ಸೀನಿ, ಆಚೆ ಹೋಗಿ ನಿಂತಿತು.

ಎಲೆಯ ಮೇಲೆಲ್ಲ ಕಪ್ಪು ಚುಕ್ಕೆ. ಮಷಿನ್ನಿನ ಚೈನು ಬಿಸಿಯಾಗಿ ಕಚ್ಚಿಕೊಳ್ಳಬಾರದೆಂದು ಅದಕ್ಕೆ ಎಣ್ಣೆ ತಾಗುತ್ತಲೇ ಇರಬೇಕಂತೆ. ಇವನು ಗ್ಯಾರೇಜಿನಿಂದ ತಂದ ಸುಟ್ಟ ಆಯಿಲ್ ಹಾಕುತ್ತಿದ್ದ. ತಂತಿಯ ಮೇಲೆ ಬೀಳಬಾರದೆಂದು ಕೊಂಬೆಗಳನ್ನು ಮರದ ಮೇಲೆಯೇ ತುಂಡು ತುಂಡು ಮಾಡುತ್ತಿದ್ದುದರಿಂದ ಆ ಆಯಿಲ್ಲೆಲ್ಲ ಸೊಪ್ಪಿಗೇ ಸಿಡಿಯುತ್ತಿತ್ತು. ಸೋಪಿನ ಪುಡಿ ಹಾಕಿ ತೊಳೆದೆ. ಆಯಿಲ್ ವಾಸನೆಯ ಜೊತೆಗೆ ಸೋಪಿನ ವಾಸನೆಯೂ ಸೇರಿಕೊಂಡಿತು, ಅಷ್ಟೇ.

ಅತ್ತೆ ಒಳಗೆ ಹೋಗಿ ಶೇಂಗಾ ಎಣ್ಣೆಯ ಕ್ಯಾನು ಎತ್ತಿಕೊಂಡು ಹೊರಟರು. ನಮ್ಮ ಹೊಲದ ಶೇಂಗಾವನ್ನು ಹಿರಿಯೂರಿನ ಗಾಣದಲ್ಲಿ ಆಡಿಸಿ ತಂದ ಎಣ್ಣೆ, ಮಳೆಗಾಲದವರೆಗೆ ಬರಬೇಕಾದದ್ದು. ಒಗ್ಗರಣೆಗೆ ನಾನು ಒಂದು ಚಮಚ ಹೆಚ್ಚು ಹಾಕಿದರೆ ಸಂಜೆಯವರೆಗೂ ಗೊಣಗುವ ಹೆಂಗಸು! ನನಗೆ ಮೈಯೆಲ್ಲ ಉರಿದುಹೋಯಿತು. ಹಿಂದೆಯೇ ಓಡಿದೆ.

"ಏನಪ್ಪ, ಆ ಆಯಿಲ್ ಚೆಲ್ಲಿ ಇದನ್ನ ಹಾಕು," ಎಂದರು ಅತ್ತೆ.

ಅವನು ನಕ್ಕುಬಿಟ್ಟ. "ಅಜ್ಜಿ, ಮಷಿನ್ನಿಗೆ ಒಗ್ಗರಣೆ ಹಾಕ್ತೀರಾ? ಇದು ಕೆಟ್ರೆ ನನ್ ಹೊಟ್ಟೆಗೆ ಏನ್ ಮಾಡ್ಲಿ?"

"ಮನೆಗೆ ಬಂದು ಮರಿ ನೋಡು. ಆಮೇಲೂ ಬ್ಯಾಡ ಅಂದ್ರೆ ಬಿಡು."

ಅವನು ಬಂದ. ನನ್ನ ತೊಡೆಯ ಮೇಲೆ ಕತ್ತು ಚೆಲ್ಲಿ ಮಲಗಿದ್ದ ಮರಿಯ ಬಾಯಿಗೆ ಬೆರಳಿಟ್ಟು ನೋಡಿದ. ಚೀಪುವ ಶಕ್ತಿಯೂ ಅದಕ್ಕಿರಲಿಲ್ಲ. ಎದ್ದು ಹೋಗಿ, ಮಷಿನ್ ಬೋರಲು ಹಾಕಿ ಸುಟ್ಟ ಆಯಿಲನ್ನು ಡಬ್ಬಿಗೆ ಬಗ್ಗಿಸಿ, ನಮ್ಮ ಎಣ್ಣೆ ಹೊಯ್ದ. ಮಷಿನ್ ಶುರುವಾದದ್ದೇ ರಸ್ತೆಯುದ್ದಕ್ಕೂ ಬೋಂಡಾ ಅಂಗಡಿಯ ವಾಸನೆ! ಬಸ್ಸಿಗೆ ಕಾಯುತ್ತಿದ್ದವರು ಅತ್ತಿತ್ತ ನೋಡಿದರು. ಸಿಟ್ಟಿನಲ್ಲಿದ್ದ ನನಗೂ ನಗು ಬಂತು.

ಆ ಸೊಪ್ಪನ್ನು ಕುರಿ ಮೂಸಿತು. ಒಂದೆಲೆ ಕಿತ್ತಿತು. ಆಮೇಲೆ ತಲೆ ಎತ್ತಲಿಲ್ಲ.

ಮಾರನೆಯ ಬೆಳಿಗ್ಗೆ ಮಷಿನ್ ಕಚ್ಚಿಕೊಂಡಿತ್ತು. ಅಡುಗೆ ಎಣ್ಣೆ ರಾತ್ರಿ ಕಳೆಯುವುದರೊಳಗೆ ಮರದ ಪುಡಿಯ ಜೊತೆ ಸೇರಿ ಅಂಟಾಗಿತ್ತು. ಅವನು ನೆಲದಲ್ಲಿ ಕುಂತು ಚೈನು ಬಿಚ್ಚಿ, ಪೆಟ್ರೋಲು ಬಟ್ಟೆಯಿಂದ ಒರೆಸುತ್ತ ಬೈದುಕೊಳ್ಳುತ್ತಿದ್ದ. ಇನ್ನು ಮುಗಿಯಿತು, ಮತ್ತೆ ಸುಟ್ಟ ಆಯಿಲ್ಲೇ ಎಂದುಕೊಂಡು ನಾನು ತಲೆ ತಗ್ಗಿಸಿ ನಿಂತೆ. ಎಲ್ಲ ಒರೆಸಿ, ಚೈನು ಏರಿಸಿ ಅವನು ಕೈ ಚಾಚಿದ. "ಕ್ಯಾನ್ ಎಲ್ಲಿ ಅಕ್ಕ? ತರ್ರಿ. ಇವತ್ತಿಂದ ಸಂಜೆ ಪೂರ್ತಿ ತೊಳ್ದೇ ಇಡ್ತೀನಿ." ಒಡಹುಟ್ಟಿದವರೂ ಅಷ್ಟು ಮಾಡುತ್ತಿರಲಿಲ್ಲ. ಓಡಿಹೋಗಿ ಕ್ಯಾನು ತಂದುಕೊಟ್ಟೆ.

ಮರಗಳ ಕೆಲಸ ಮುಗಿಯುವವರೆಗೆ ಸೊಪ್ಪು ಬಂತು. ಎಣ್ಣೆ ಮುಗಿದದ್ದರಿಂದ ಒಗ್ಗರಣೆಯಿಲ್ಲದ ಸಾರಿಗೆ ಮುದ್ದೆ ಅದ್ದಿ ಉಂಡೆವು. ನಾನು ಮುಖ ಸಿಂಡರಿಸಿದರೆ ಅತ್ತೆ, "ಕುರಿ ಉಂಡಿದ್ದು ನಾವೇ ಉಂಡಂಗೆ," ಎಂದು ಬಾಯಿ ಮುಚ್ಚಿಸುತ್ತಿದ್ದರು.

ಅವನು ಹೊಸದುರ್ಗದ ಕಡೆ ಕೆಲಸಕ್ಕೆ ಹೋದ ಮೇಲೆ ಒಂದು ಬೆಳಿಗ್ಗೆ ಹಾಲು ಬೆಚ್ಚಗೆ ಮಾಡಿಕೊಂಡು ಕುರಿ ಕಟ್ಟಿದ ರೊಪ್ಪಕ್ಕೆ ಹೋದೆ. ಚಿಕ್ಕ ಮರಿ ತಾಯಿಯ ಕೆಳಗೆ ಮೊಣಕಾಲೂರಿ ಕುಡಿಯುತ್ತಿತ್ತು. ಬಾಲ ಪಟಪಟ ಅಲ್ಲಾಡುತ್ತಿತ್ತು. ತಾಯಿ ಒದೆಯದೆ, ಉಳಿದಿದ್ದ ಸೊಪ್ಪು ಅಗಿಯುತ್ತ ಸುಮ್ಮನೆ ನಿಂತಿತ್ತು. ನಾನು ಕರೆದೆ. ನನ್ನ ದನಿ ಕೇಳಿದರೆ ತೂರಾಡಿಕೊಂಡಾದರೂ ಬರುತ್ತಿದ್ದ ಮರಿ ಈಗ ತಿರುಗಿಯೂ ನೋಡಲಿಲ್ಲ. ಹಿಗ್ಗಿನಿಂದ ನನಗೆ ಅಳುವೇ ಬಂತು. ಸುಳ್ಳೇಕೆ ಹೇಳಲಿ, ಹೊಟ್ಟೆಕಿಚ್ಚೂ ಆಯಿತು. ಅದಕ್ಕೆ ಇನ್ನು ನಾನು ಬೇಕಿರಲಿಲ್ಲ.