ಮುಂಜಾನೆಯ ಜಾಗ, ಮಧ್ಯಾಹ್ನದ ಜಾಗ

ಮತೀನ ಪೇಟೆಯಲ್ಲಿ ಹಿಂದಕ್ಕೆ ನಡೆಯುತ್ತಿದ್ದ. ಕ್ಯಾಮೆರಾ ಕಣ್ಣಿಗೆ ಹಿಡಿದು, ಎದುರಿನವರ ಸುತ್ತಲಿನದೂ ಇನ್ನಷ್ಟು ಕಾಣಲಿ ಎಂದು ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಿದ್ದ. ಗಾಡಿ, ದನ, ಭಜಿಯ ಒಲೆ ಯಾವುದರ ಪರಿವೆಯೂ ಇರುತ್ತಿರಲಿಲ್ಲ. ಅವನ ಬೆನ್ನಿಗೆ ಕಣ್ಣಾಗಿರುವುದು ನನ್ನ ಕೆಲಸ.

"ಎಡಕ್ಕ ಬಾ, ಎಮ್ಮಿ ಐತಿ" ಎಂದು ಅಂಗಿ ಹಿಡಿದು ಎಳೆದರೆ, "ಎಮ್ಮಿಗೆ ಹೇಳಲೇ ಈರ್ಯಾ, ಅದು ಮುಂದ ನೋಡ್ಕೋತ ಹೊಂಟೈತಿ" ಎನ್ನುತ್ತಿದ್ದ.

ಇಳಕಲ್ಲಿನಲ್ಲಿ ಇಪ್ಪತ್ತೆಂಟು ವರ್ಷ ಸ್ಟುಡಿಯೋ ನಡೆಸಿದ. ತಂದೆ ಇಬ್ರಾಹಿಂಸಾಬರು ಸೀರೆ ನೇಯುತ್ತಿದ್ದರು. ಮಗನನ್ನೂ ಮಗ್ಗಕ್ಕೆ ಕೂರಿಸಿ ನೋಡಿದರು. ಅವನು ಎಳೆ ಎಣಿಸುವುದು ಬಿಟ್ಟು, ಕಿಟಕಿಯ ಬೆಳಕು ಸೆರಗಿನ ರೇಷ್ಮೆಯ ಮೇಲೆ ಹೇಗೆ ಸರಿಯುತ್ತದೆ ಎಂದು ನೋಡುತ್ತ ಕೂತುಬಿಡುತ್ತಿದ್ದ. "ಇವನ ಕೈಯಾಗ ಲಾಳಿ ಕೊಟ್ಟರ ಊರೆಲ್ಲ ಬತ್ತಲಿ ತಿರಗಬೇಕಾದೀತು" ಎಂದು ಅವರೇ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕೆ ಹಚ್ಚಿದರಂತೆ. ಬಾದಾಮಿಯ ಕೆರೆಯ ದಂಡೆಯಲ್ಲಿ, ಮದುವೆಗೆ ಮೊದಲಿನ ಜೋಡಿಗಳನ್ನು ಕೈ ಕೈ ಹಿಡಿಸಿ ನಿಲ್ಲಿಸಿ ತೆಗೆಯುವ ಫೋಟೋಗಳಿಂದ ಮನೆ ನಡೆಯುತ್ತಿತ್ತು. ಮನಸ್ಸು ಮಾತ್ರ ನಮ್ಮ ಪೇಟೆಯಲ್ಲಿತ್ತು.

ಯಾರಿಗೂ ನಗಿರಿ ಎಂದು ಹೇಳಿದವನಲ್ಲ. "ನಿನ್ನೆ ರಾತ್ರಿ ಏನ ಉಂಡ್ರಿ?" ಎಂದು ಕೇಳುತ್ತಿದ್ದ. ಕೇಳಿಸಿಕೊಂಡವರು ಒಂದು ಗಳಿಗೆ ಫೋಟೋ ಮರೆತು ನೆನಪು ಮಾಡಿಕೊಳ್ಳುವರು. ಆ ಗಳಿಗೆಯ ಮುಖವೇ ಅವನಿಗೆ ಬೇಕಾದದ್ದು.

ನಾನು ಕಾಲೇಜಿನಲ್ಲಿ ಪುಸ್ತಕ ಕಾಯುವವನು. ದಿನವಿಡೀ ಗಪ್‌ಚುಪ್ ಇರಿ ಎಂದು ಹುಡುಗರಿಗೆ ಹೇಳಿ ಬೇಸತ್ತು, ರಜೆ ಸಿಕ್ಕರೆ ಇವನ ಹಿಂದೆ ಗದ್ದಲಕ್ಕೆ ಹೋಗುತ್ತಿದ್ದೆ. ಮತೀನ ಜೂನ್ ತಿಂಗಳಲ್ಲಿ ತೀರಿಕೊಂಡ. ಎದೆನೋವು ಎಂದು ಹುನಗುಂದದ ದಾರಿ ಹಿಡಿದಿದ್ದೆವು, ಮುಟ್ಟಲಿಲ್ಲ. ಐವತ್ತನಾಲ್ಕು ವಯಸ್ಸು. ಅವನ ಬಗ್ಗೆ ಏನಾದರೂ ಬರೆ ಎಂದು ಅವನ ಹೆಂಡತಿ ನರ್ಗೀಸ ಹೇಳಿದಾಗಿನಿಂದ ನನಗೆ ಈ ಮಾರ್ಚಿನ ಒಂದು ಮಧ್ಯಾಹ್ನವೇ ಮತ್ತೆ ಮತ್ತೆ ನೆನಪಾಗುತ್ತಿದೆ.

ಬೀದಿಯಲ್ಲಿ ಕೂತು ಮಾರುವವರಿಗೆ ಗುರುತಿನ ಚೀಟಿ ಕೊಡುವ ಕೆಲಸ ಆಗ ನಡೆದಿತ್ತು. ತಮ್ಮ ಮಾಲಿನೊಂದಿಗೆ ತಮ್ಮ ಜಾಗದಲ್ಲಿ ಕೂತ ಫೋಟೋ ಅರ್ಜಿಗೆ ಹಚ್ಚಬೇಕು. ಹಿಂದಿನ ಗೋಡೆ, ಬಾಗಿಲು ಕಾಣಬೇಕು, ಏಕೆಂದರೆ ಚೀಟಿಯಲ್ಲಿ ಅದೇ ಜಾಗ ನಮೂದಾಗುತ್ತದೆ. ಅಂದೇ ಕೊನೆಯ ದಿನ, ಸಂಜೆ ಐದೂವರೆಗೆ ನಗರಸಭೆ ಕಚೇರಿ ಬಾಗಿಲು ಹಾಕುತ್ತದೆ. ನಮ್ಮ ಬೀದಿಯ ಇಪ್ಪತ್ತು ಜನ ಮತೀನನಿಗೆ ಗಂಟುಬಿದ್ದಿದ್ದರು. ಅವನು ಎರಡು ದಿನದಿಂದ ಇವತ್ತು ನಾಳೆ ಎನ್ನುತ್ತ, ಆ ದಿನ ಎರಡೂವರೆಗೆ ಹೊರಟ. ಆ ಹೊತ್ತಿನ ನೆರಳಲ್ಲಿ ಮುಖಗಳು ಮೆತ್ತಗೆ ಬರುತ್ತವೆ ಎಂಬುದು ಅವನ ಲೆಕ್ಕಾಚಾರ.

ಬೇವು ಹೂ ಬಿಟ್ಟು ಇಡೀ ಬೀದಿಗೆ ಸಣ್ಣ ಕಹಿ ವಾಸನೆ ಹರಡಿತ್ತು. ಸೀರೆ ಅಂಗಡಿಯವರು ಕೆಂಪು ಸೆರಗುಗಳನ್ನು ಬಾಗಿಲಿಗೆ ಇಳಿಬಿಟ್ಟಿದ್ದರು. ಕಬ್ಬಿನ ಗಾಣದ ಗೆಜ್ಜೆ, ಗಿರಮಿಟ್ ಕಲಸುವ ಸೌಟು, ಕ್ವಾರಿಯಿಂದ ಬಂದ ಲಾರಿಯ ಹಾರ್ನು, "ಅಮೀನಗಡ, ಬಾಗಲಕೋಟಿ, ಹತ್ರಿ ಹತ್ರಿ" ಎನ್ನುವ ಕಂಡಕ್ಟರನ ಕೂಗು, ಎಲ್ಲವೂ ಒಟ್ಟಿಗೆ. ಬಳೆ ಮಾರುವ ಲಾಲಬಿ ಫೋಟೋಕ್ಕೆಂದು ತನ್ನ ಮಾಲನ್ನೇ ಎರಡೂ ಕೈಗೆ ಮೊಳಕೈತನಕ ಹಾಕಿಕೊಂಡು ಕೂತಿದ್ದಳು.

"ಫೋಟೋ ಚೀಟಿಗೆ ಬೇಕಬೇ, ಗಂಡು ತೋರಸಾಕಲ್ಲ" ಎಂದ ಮತೀನ.

"ಗಂಡು ಒಂದ ಸಾಕಾತು ತಗೀ" ಎಂದಳು.

ಹತ್ತೊಂಬತ್ತು ಮುಗಿದವು. ಕೊನೆಯವಳು ಕಾಯಿಪಲ್ಲೆ ಮಾರುವ ನೀಲಾಬಾಯಿ, ನೀಲಿ ಬಾಗಿಲ ಔಷಧಿ ಅಂಗಡಿಯ ಪಕ್ಕದ ಗೋಡೆಗೆ ಒರಗಿದ್ದಳು. ಮುಂದೆ ಮೆಂತೆ, ಪುಂಡಿಪಲ್ಲೆ, ಕೊತ್ತಂಬರಿ.

"ನಿನ್ನೆ ರಾತ್ರಿ ಏನ ಉಂಡಿ?"

"ನಿನ್ನ ತಲಿ. ತಗದಿದ್ದನ್ನ ತೋರಸು ಇಲ್ಲೆ."

ಕ್ಯಾಮೆರಾದ ಪರದೆಯನ್ನು ಅವಳು ಬಹಳ ಹೊತ್ತು ನೋಡಿದಳು. ಮುಖ ನೋಡಲಿಲ್ಲ, ಹಿಂದಿನ ಬಾಗಿಲು ನೋಡಿದಳು.

"ಇದು ಮಧ್ಯಾಹ್ನದ ಜಾಗ."

"ಈಗ ಮಧ್ಯಾಹ್ನನ ಅಲ್ಲೇನಬೇ?"

"ಚೀಟ್ಯಾಗ ಇದನ್ನ ಬರದ್ರ ಮುಂಜಾನಿ ನಾ ಎಲ್ಲಿ ಕುಂಡ್ರಲಿ? ನಿನ್ನ ಸ್ಟುಡಿಯೋದಾಗ ಹಾಸ್ತಿಯೇನು ನನ್ನ ಮೆಂತೆ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಮ್ಮ ಬೀದಿಯಲ್ಲಿ ಅಂಗಡಿಗಳ ನೆರಳು ಮುಂಜಾನೆ ಮೂಡಣ ಬದಿಗೆ ಬೀಳುತ್ತದೆ, ಮಧ್ಯಾಹ್ನ ಪಡುವಣ ಬದಿಗೆ. ಒಂದು ಗಂಟೆಯ ಸುಮಾರಿಗೆ ಕೂತು ಮಾರುವವರೆಲ್ಲ ಬುಟ್ಟಿ ಎತ್ತಿಕೊಂಡು ರಸ್ತೆ ದಾಟುತ್ತಾರೆ. ಹುಟ್ಟಿದಂದಿನಿಂದ ಕಂಡದ್ದಾದ್ದರಿಂದ ನಮಗೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ನೀಲಾಬಾಯಿ ದಾಟಿ ಬಂದಾಗ, ಈ ಗೋಡೆಗೆ ಮುಂಜಾನೆಯಿಂದ ಕೂತಿದ್ದ ಕೀಲಿ ರಿಪೇರಿಯ ಬಂದೇನವಾಜ ಎದ್ದು ಅವಳು ಬಿಟ್ಟ ಜಾಗಕ್ಕೆ ಹೋಗುತ್ತಾನೆ. ಅಂದರೆ ಎರಡು ಹೊತ್ತೂ ಬಿಸಿಲು ಅವನ ಪಾಲಿಗೆ, ನೆರಳು ಅವಳ ಪಾಲಿಗೆ. ಹರಕು ಛತ್ರಿಯೊಂದನ್ನು ಹೂಡಿಕೊಂಡು ಕೂಡುತ್ತಾನೆ. ಇಪ್ಪತ್ತು ವರ್ಷದ ಕೆಳಗೆ ಒಮ್ಮೆ, "ನನ್ನ ಕೀಲಿ ಬಾಡೂದಿಲ್ಲ" ಎಂದಿದ್ದನಂತೆ. ಅಷ್ಟೇ ಕರಾರು.

ಈಗ ರಸ್ತೆಯ ಆ ಕಡೆಯಿಂದ ಅವನೇ ಕೂಗಿದ: "ಚೀಟಿ ಏನರೆ ಹೇಳಲಿ, ನೀಲವ್ವ. ನಾ ಇರೋತನಕ ನೀ ದಾಟು."

"ನಿನಗೆಷ್ಟು ವಯಸ್ಸು?"

"ಅರವತ್ತೊಂಬತ್ತು."

"ಹಂಗಾರ ಚೀಟಿ ಬೇಕ."

ಬೀದಿ ನಕ್ಕಿತು, ಬಂದೇನವಾಜನೂ ನಕ್ಕ. ನೀಲಾಬಾಯಿ ನಗಲಿಲ್ಲ. ಅವಳ ಮಾತು ಸರಿಯಾಗಿತ್ತು. ಅವನ ನಂತರ ಆ ಎದುರು ಬದಿಯ ಜಾಗದ ಚೀಟಿ ಹಿಡಿದು ಬರುವವನು ಅವಳಿಗಾಗಿ ಏಳದಿದ್ದರೆ, ಮುಂಜಾನೆಯೆಲ್ಲ ಅವಳು ಈ ಗೋಡೆಯ ಬಿಸಿಲಲ್ಲೇ ಕೂಡಬೇಕು. ಹನ್ನೊಂದಕ್ಕೇ ಸೊಪ್ಪು ಜೋಲುತ್ತದೆ, ಜೋತ ಸೊಪ್ಪನ್ನು ಯಾರೂ ಮುಟ್ಟುವುದಿಲ್ಲ.

ಮತೀನ ನಿಂತಲ್ಲೇ ಹಿಂದಿನ ಫೋಟೋಗಳನ್ನು ಒಂದೊಂದಾಗಿ ತಿರುಗಿಸಿದ. ಎಲ್ಲವೂ ಚೆಂದ ಬಂದಿದ್ದವು. ಎಲ್ಲವೂ ಮಧ್ಯಾಹ್ನದವು. ಬಂದೇನವಾಜನೊಬ್ಬನನ್ನು ಬಿಟ್ಟರೆ ಇಡೀ ಬೀದಿ ಒಂದೇ ಬದಿಗೆ ಕೂತಿತ್ತು.

"ಬೆಳಕು ನೋಡಿದ್ನೇ ಹೊರತು ಜಾಗ ನೋಡಲಿಲ್ಲಲೇ ಈರ್ಯಾ" ಎಂದ. ಮೂರೂವರೆ ಆಗಿತ್ತು. ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು ನಡುರಸ್ತೆಗೆ ಹೋಗಿ ನಿಂತ.

"ಎಲ್ಲಾರೂ ಮುಂಜಾನಿ ಜಾಗಕ್ಕ ನಡೀರಿ. ಇನ್ನೊಂದ ಫೋಟೋ ಐತಿ."

"ಮುಂಜಾನಿ ಚಾನೂ ಕುಡಸ್ತಿಯೇನು?" ಯಾರೋ ಕೇಳಿದರು.

"ಕುಡಸ್ತೇನಿ, ಮೊದಲ ಏಳು."

ಬುಟ್ಟಿ, ಗೋಣಿಚೀಲ, ಬಳೆಯ ಪೆಟ್ಟಿಗೆ, ಎಲ್ಲ ಎದ್ದವು. ನೆರಳಿನಿಂದ ಎದ್ದು ಸುಡುವ ಬಿಸಿಲಿಗೆ ಹೋಗಿ ಕೂತರು. ಎರಡೂ ಕಡೆಯಿಂದ ಬಂದ ಬಸ್ಸು, ಟಂಟಂ ರಿಕ್ಷಾಗಳು ನಿಂತುಬಿಟ್ಟವು. ಡ್ರೈವರೊಬ್ಬ ಕಿಟಕಿಯಿಂದ ತಲೆ ಹಾಕಿ ಏನಾಯಿತೆಂದು ಕೇಳಿದ.

"ಇಳಕಲ್ಲಾಗ ಈಗ ಬೆಳಗ ಆಗೇತಿ, ನಿಂದ್ರು" ಎಂದಳು ಲಾಲಬಿ.

ಆ ಫೋಟೋಗಳಲ್ಲಿ ಒಬ್ಬರ ಕಣ್ಣೂ ಪೂರ್ತಿ ತೆರೆದಿಲ್ಲ. ಅಂಥ ಫೋಟೋ ಅವನ ಸ್ಟುಡಿಯೋದಿಂದ ಹೊರಬಿದ್ದಿದ್ದೇ ಇಲ್ಲ. ರಾತ್ರಿ ಏನು ಉಂಡಿರಿ ಎಂದೂ ಕೇಳಲಿಲ್ಲ, ಹೊತ್ತಿರಲಿಲ್ಲ. ನೀಲಾಬಾಯಿ ಸೊಪ್ಪಿನ ಮೇಲೆ ಸೆರಗು ಹೊಚ್ಚಿ ಕೂತಿದ್ದಳು.

"ಸೆರಗ ತಗಿಬೇ, ಮಾಲು ಕಾಣಬೇಕಂತ."

"ನೀ ಲಗೂನ ತಗಿ. ಬಿಸಿಲಾಗ ತಿರಗಾಕ ಮೆಂತೆ ಏನು ನಿನ್ನಂಗ ಫೋಟೋಗ್ರಾಫರಲ್ಲ."

ಅರ್ಜಿಯಲ್ಲಿ ಫೋಟೋ ಹಚ್ಚಲು ಇದ್ದದ್ದು ಒಂದೇ ಚೌಕ. ಮತೀನ ಸ್ಟುಡಿಯೋದಲ್ಲಿ ಎರಡೆರಡು ಫೋಟೋಗಳನ್ನು ಅರ್ಧರ್ಧ ಮಾಡಿ ಒಂದೇ ಹಾಳೆಯಲ್ಲಿ ಪಕ್ಕ ಪಕ್ಕ ಮುದ್ರಿಸಿದ, ನಾನು ಕತ್ತರಿಸಿ ಅಂಟಿಸಿದೆ. ಐದೂಕಾಲಿಗೆ ಕಚೇರಿಯಲ್ಲಿದ್ದೆವು. ಗುಮಾಸ್ತರು ಮೊದಲ ಅರ್ಜಿ ನೋಡಿ, "ಒಬ್ಬರಿಗೆ ಒಂದ ಜಾಗರಿ. ಇದರಾಗ ಎರಡ ಅದಾವ" ಎಂದರು.

"ಸೂರ್ಯಾ ಒಂದ ಕಡೆ ನಿಂತ್ರ ನಾನೂ ಒಂದ ಕೊಡ್ತಿದ್ದೆ, ಸರ."

ಆಮೇಲೆ ಹಾಸ್ಯ ಬಿಟ್ಟು ಬಂದೇನವಾಜನ ಕೀಲಿ, ನೀಲಾಬಾಯಿಯ ಮೆಂತೆ ಎಲ್ಲ ಹೇಳಿದ. ಗುಮಾಸ್ತರು ಕೇಳಿದರು. "ಸಾಹೇಬರ ಮುಂದ ಇಡ್ತೇನಿ. ಮಾತು ಕೊಡಂಗಿಲ್ಲ" ಎಂದು ಇಪ್ಪತ್ತೂ ಅರ್ಜಿ ತೆಗೆದುಕೊಂಡರು. ಹೊರಗೆ ಬಂದ ಮೇಲೆ ಮತೀನ ಚಹಾದ ಅಂಗಡಿಯಲ್ಲಿ ಕೂತು ಮತ್ತೆ ಮತ್ತೆ ಕಚೇರಿಯ ಬಾಗಿಲ ಕಡೆಗೇ ನೋಡುತ್ತಿದ್ದ. ತನ್ನ ಎರಡು ದಿನದ ಸೋಮಾರಿತನಕ್ಕೆ ನೀಲಾಬಾಯಿಯ ಜಾಗ ಹೋದೀತೆಂಬ ಅಂಜಿಕೆ ಅವನಿಗೆ ಹತ್ತಿತ್ತು.

ಏಪ್ರಿಲ್, ಮೇ ಎರಡು ತಿಂಗಳೂ ಕಚೇರಿಗೆ ಹೋಗಿ ವಿಚಾರಿಸಿದ. ದಿನಾ ಸ್ಟುಡಿಯೋ ತೆಗೆಯುವಾಗ ನೀಲಾಬಾಯಿ "ಏನಾತೋ?" ಎನ್ನುವಳು, "ಇನ್ನೂ ಇಲ್ಲಬೇ" ಎನ್ನುವನು. ಜೂನ್ ನಂತರ ನಾನು ಹೋಗತೊಡಗಿದೆ. ಅವಳು ನನ್ನನ್ನು ಕೇಳುತ್ತಿರಲಿಲ್ಲ, ನಾನೇ ಹೋಗಿ ಇನ್ನೂ ಇಲ್ಲ ಎಂದು ಹೇಳಿ ಬರುತ್ತಿದ್ದೆ.

ಮೊನ್ನೆ, ಸೆಪ್ಟೆಂಬರಿನ ಮೊದಲ ವಾರ, ಚೀಟಿಗಳು ಬಂದವು. ನೀಲಾಬಾಯಿಗೆ ಓದಲು ಬರುವುದಿಲ್ಲ. ನಾನು ಓದಿ ಹೇಳಿದೆ: ಮಧ್ಯಾಹ್ನ ಒಂದು ಗಂಟೆಯವರೆಗೆ ರಸ್ತೆಯ ಮೂಡಣ ಬದಿ, ನಂತರ ಪಡುವಣ ಬದಿ.

"ಇನ್ನೊಮ್ಮೆ ಓದು."

ಓದಿದೆ. ಬಂದೇನವಾಜನದನ್ನೂ ಓದಿಸಿದಳು, ಅವನದು ಇದರ ಉಲ್ಟಾ. ಅವನು ಛತ್ರಿ ಮಡಚಿ ಆಗಲೇ ಎದ್ದಿದ್ದ. ಅವಳು ಚೀಟಿಯನ್ನು ಸೊಂಟದ ಚೀಲಕ್ಕೆ ತುರುಕಿ, "ಒಂದ ಹೊಡೀತು, ಹಿಡಿ ಆ ಕಡೆ" ಎಂದಳು. ಬುಟ್ಟಿಯ ಒಂದು ಕಿವಿ ಅವಳು, ಒಂದು ಕಿವಿ ನಾನು ಹಿಡಿದು ದಾಟಿದೆವು.

ಗೋಡೆಯ ನೆರಳಿಗೆ ಬುಟ್ಟಿ ಇಳಿಸಿ, ಸೊಪ್ಪಿಗೆ ನೀರು ಚಿಮುಕಿಸಿ, ಒಂದು ಸೂಡು ಮೆಂತೆ ಎತ್ತಿ ನನ್ನ ಕೈಗಿಟ್ಟಳು.

"ಮತೀನನ ಮನಿಗೆ ಕೊಡು. ನಸುಕಿನ್ಯಾಗ ಕಿತ್ತಿದ್ದು, ಇನ್ನೂ ಬಾಡಿಲ್ಲ ಅಂತ ನರ್ಗೀಸಗ ಹೇಳು."

ನಾನು ಒಯ್ದು ಕೊಟ್ಟೆ, ಹೇಳಿದೆ.